ಶಾಂತಮ್ಮನ ಸೋಫಾ, ಅತ್ತೆಯ ಪಿಂಚಣಿ

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನಮ್ಮ ಗಿರಿಜತ್ತೆ ಇದ್ದಕ್ಕಿದ್ದಂತೆ ಶ್ರೀಮಂತರಾಗಿಬಿಟ್ಟರು.

ಲಾಟರಿ ಹೊಡೆಯಲಿಲ್ಲ. ಜಮೀನು ಮಾರಲಿಲ್ಲ (ಇದ್ದರೆ ತಾನೇ?). ಅಧಿಕಾರಿಯೊಬ್ಬರು ಮನೆಗೆ ಬಂದರು. ನಡುಮನೆಯಲ್ಲಿ ಕೂತು ಕಾಫಿ ಕುಡಿದರು, ಕೋಡುಬಳೆ ತಿಂದರು, ಸುತ್ತ ಒಮ್ಮೆ ಕಣ್ಣಾಡಿಸಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರು. ಅದಾದ ಮೇಲೆ ಅತ್ತೆಗೂ ಮಾವನಿಗೂ ಬರುತ್ತಿದ್ದ ವೃದ್ಧಾಪ್ಯ ವೇತನ ನಿಂತುಹೋಯಿತು. ಕಾರಣ? ‘ಸ್ಥಿತಿವಂತರು’.

ಸ್ಥಿತಿವಂತರಂತೆ! ಫೋನಿನಲ್ಲಿ ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗಿರಿಜತ್ತೆ ನಮ್ಮಪ್ಪನ ತಂಗಿ. ಹಳೇಬೀಡಿನಿಂದ ಜಾವಗಲ್ ಕಡೆ ಹೋಗುವ ರಸ್ತೆಯಲ್ಲಿ ಒಂದು ಊರು, ಅಲ್ಲೊಂದು ಬಾಡಿಗೆ ಮನೆ. (ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅತ್ತೆ ನನ್ನ ಜತೆ ಮಾತು ಬಿಡುತ್ತಾರೆ.) ಗಂಡ ಹೆಂಡತಿ ಇಬ್ಬರೂ ಸೇರಿ ಹಳೇಬೀಡಿನಲ್ಲಿ ಪುಟ್ಟ ಹೋಟೆಲ್ ನಡೆಸುತ್ತಿದ್ದರು. ಇಡ್ಲಿ, ಚಟ್ನಿ, ಕಾಫಿ, ಅಷ್ಟೇ. ಮಾವನ ಮಂಡಿ ಕೈಕೊಟ್ಟ ಮೇಲೆ ಹೋಟೆಲ್ ಮುಚ್ಚಿತು. ಮಕ್ಕಳಿಲ್ಲ. ಇಬ್ಬರ ಪಿಂಚಣಿ ಸೇರಿಸಿದರೆ ಮನೆ ಬಾಡಿಗೆಗೆ ಸರಿಹೋಗುತ್ತಿತ್ತು. ಊಟಕ್ಕೆ ರೇಷನ್ ಅಕ್ಕಿ, ರಾಗಿ, ಜತೆಗೆ ಅತ್ತೆ ಮದುವೆ ಮನೆಗಳಿಗೆ ಸುತ್ತಿಕೊಡುವ ಚಕ್ಕುಲಿಯ ಕೂಲಿ.

ಹಾಗಾದರೆ ಆ ಅಧಿಕಾರಿ ಕಂಡಿದ್ದು ಏನನ್ನು? ಅವರನ್ನು ಬಯ್ಯುವ ಹಾಗಿಲ್ಲ, ಕಂಡಿದ್ದನ್ನೇ ಬರೆದಿದ್ದಾರೆ. ಕುಶನ್ ಕುರ್ಚಿಗಳು. ಗಾಜಿನ ಟೀಪಾಯಿ. ಟೇಬಲ್ ಫ್ಯಾನ್. ಗೂಡಿನಲ್ಲಿ ಟೀವಿ. ಅತ್ತೆಯ ಕೊರಳಲ್ಲಿ ಎರಡೆಳೆ ಸರ.

ಒಂದೂ ಅತ್ತೆಯದಲ್ಲ! ಕುರ್ಚಿ, ಟೀಪಾಯಿ, ಫ್ಯಾನು ಎದುರು ಮನೆ ಶಾಂತಮ್ಮನವು. ಟೀವಿ ಪಕ್ಕದ ಮನೆಯದು, ಅದಕ್ಕೆ ವೈರ್ ಕೂಡ ಸಿಕ್ಕಿಸಿರಲಿಲ್ಲ. ಸರ ಶಾಂತಮ್ಮನ ಸೊಸೆಯದು, ಅದೂ ರೋಲ್ಡ್ ಗೋಲ್ಡ್.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಯಾರಾದರೂ ದೊಡ್ಡವರು ಬರುತ್ತಾರೆ ಅಂದರೆ ಇಡೀ ಬೀದಿ ಆ ಮನೆಗೆ ಸಾಮಾನು ಸಾಗಿಸುತ್ತದೆ. ಒಬ್ಬರು ತಟ್ಟೆ, ಒಬ್ಬರು ಲೋಟ, ಒಬ್ಬರು ಹೊಸ ಬೆಡ್‌ಶೀಟು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವರು ಕೂತ ದಿವಾನ ಪಕ್ಕದ ಮನೆ ಮೇಷ್ಟ್ರದು. (ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ನಮ್ಮೆಜಮಾನರು ‘ದಿವಾನ ಎಲ್ಲಿ?’ ಅಂತ ಹುಡುಕಿದ್ದರು.) ಆಫೀಸರ್ ಫೋನ್ ಮಾಡಿ ‘ಮನೇಲಿರಿ, ಬರ್ತೀನಿ’ ಅಂದರೆ ಗಿರಿಜತ್ತೆಗೆ ಅವರು ತನಿಖೆಗೆ ಬರುವವರಲ್ಲ. ಮನೆಗೆ ಬರುವವರು. ಅಷ್ಟೇ.

ನಾನು ಅರಸೀಕೆರೆಯಿಂದ ಬಸ್ ಹತ್ತಿ ಹೋದೆ. ಸಿಟ್ಟು ನೆತ್ತಿಗೇರಿತ್ತು.

‘ಅತ್ತೆ, ಅವರು ನೀವು ಬಡವರು ಹೌದೋ ಅಲ್ಲವೋ ಅಂತ ನೋಡೋಕೆ ಬಂದಿದ್ದು! ಕುರ್ಚಿ ನಮ್ಮದಲ್ಲ ಅಂತ ಒಂದು ಮಾತು ಹೇಳೋಕೇನಾಗಿತ್ತು?’

‘ಅವ್ರು ಕೇಳ್ಲಿಲ್ಲ ಕಣೇ.’

‘ಕೇಳದೆ ಇದ್ರೆ ಹೇಳಬಾರದಾ?’

‘ಬಂದು ಕೂತಿರೋರಿಗೆ, ನೀವು ಕೂತಿರೋದು ಎದುರು ಮನೆ ಕುರ್ಚಿ ಅನ್ನಕ್ಕಾಯ್ತದಾ? ಅವ್ರಿಗೆ ಹೆಂಗಾಗ್ಬೇಡ?’

ಇದಕ್ಕೆ ನಿಮ್ಮಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ತಿಳಿಸಿ.

ಪಿಂಚಣಿ ನಿಂತಿದ್ದಕ್ಕಿಂತ ದೊಡ್ಡ ತಲೆನೋವು ಬಾಡಿಗೆಯದು. ಮನೆ ಓನರು ಹಳೇಬೀಡಿನ ಬಸದಿ ಕಡೆಯ ಜೈನರ ಮನೆಯ ಹಿರಿಯಾಕೆ, ಬಂಗಾರದಂಥ ಹೆಂಗಸು. ‘ಬಂದಾಗ ಕೊಡಿ ಗಿರಿಜಮ್ಮ, ಏನವಸರ?’ ಅಂದರಂತೆ. ಅತ್ತೆ ಒಪ್ಪಬೇಕಲ್ಲ! ಬಾಡಿಗೆ ಕೊಡದ ಮನೆಯಲ್ಲಿ ಒಲೆ ಹಚ್ಚಲು ಕೈ ಬರುವುದಿಲ್ಲವಂತೆ. ಆಷಾಢ ಹುಟ್ಟಿದರೆ ಮನೆ ಬದಲಿಸುವ ಹಾಗಿಲ್ಲ, ಅದಕ್ಕೆ ಮೊದಲೇ ಖಾಲಿ ಮಾಡಿಬಿಡುತ್ತೇವೆ ಅಂತ ತಾವೇ ಹೇಳಿಕಳಿಸಿದ್ದರು.

ಬಾಡಿಗೆ ನಾನು ಕೊಡುತ್ತೇನೆ ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು.

‘ನಿನ್ನ ದುಡ್ಡಿನ ಮನೇಲಿದ್ರೆ, ನೀನು ಬಂದಾಗ ಬಾ ಕೂತ್ಕೋ ಅಂತ ನಾನು ಯಾವ ಬಾಯಲ್ಲಿ ಅನ್ಲಿ? ಸರ್ಕಾರದ್ದಾದ್ರೆ ಅದು ಬೇರೆ. ಅದು ವಯಸ್ಸಾದೋರ ಹಕ್ಕು.’

ಅತ್ತೆ ಒಪ್ಪದಿದ್ದರೇನಂತೆ, ನೆಂಟರು ನಾವಿದ್ದೀವಲ್ಲ! ವಾಟ್ಸಾಪ್ ಗ್ರೂಪಿನಲ್ಲಿ ಮೀಟಿಂಗ್ ಮಾಡಿದೆವು. ಅರೇಹಳ್ಳಿಯಲ್ಲಿ ಕಾಫಿ ತೋಟ ನೋಡಿಕೊಳ್ಳುವ ನನ್ನ ತಮ್ಮನ ಮನೆಗೆ ಮಾವ. ಅರಸೀಕೆರೆಯ ನನ್ನ ಮನೆಗೆ ಅತ್ತೆ. ಎಲ್ಲರೂ ಹೆಬ್ಬೆರಳೆತ್ತಿ ಒಪ್ಪಿಗೆ ಕೊಟ್ಟರು. ಎಂಥ ನೀಟಾದ ವ್ಯವಸ್ಥೆ! ಹಳೇ ಪಾತ್ರೆ ಪಾಲು ಮಾಡುವ ಹಾಗೆ ಆ ಇಬ್ಬರನ್ನು ಪಾಲು ಮಾಡಿಬಿಟ್ಟಿದ್ದೆವು.

ಅತ್ತೆ ಅಳಲಿಲ್ಲ. ಮೂಟೆ ಕಟ್ಟತೊಡಗಿದರು. ಮಾವ ಹಿತ್ತಲಿಗೆ ಹೋದ ಸಮಯ ನೋಡಿ ನನ್ನನ್ನು ಹತ್ತಿರ ಕರೆದರು. ‘ನಿಮ್ಮಾವಂಗೆ ಎರಡನೇ ಸಲ ಕಾಫಿ ಬೇಕು ಕಣವ್ವ. ಆದ್ರೆ ಕೇಳಕ್ಕೆ ನಾಚಿಕೆ. ಅರೇಹಳ್ಳೀಲಿ ಯಾರು ಕೇಳ್ದೆ ಕೊಡ್ತಾರೆ? ನೀನೇ ಒಂದು ಮಾತು ಹೇಳ್ಬಿಡು ಅವ್ರಿಗೆ.’

ನನಗೆ ಆ ಮೂಟೆಯನ್ನು ಕಿತ್ತು ಬಿಸಾಕಬೇಕು ಅನ್ನಿಸಿತು.

ಮಾರನೆಯ ದಿನವೇ ಕಚೇರಿಗೆ ಓಡಿದೆ. ಮತ್ತೊಮ್ಮೆ ಅರ್ಜಿ ಕೊಡಿ, ಮತ್ತೊಮ್ಮೆ ಸ್ಥಳ ಪರಿಶೀಲನೆ ಮಾಡುತ್ತೇವೆ ಅಂದರು. ಕೊಟ್ಟೆ. ಮೊದಲಿನವರಿಗೆ ವರ್ಗವಾಗಿ ಅವರ ಜಾಗಕ್ಕೆ ಹೊಸದಾಗಿ ಒಬ್ಬ ಮೇಡಂ ಬಂದಿದ್ದರು. ನಾನು ಅತ್ತೆಗೆ ಕೋಚಿಂಗ್ ಶುರು ಮಾಡಿದೆ. ಹಳೇ ಸೀರೆ ಉಡಿ. ಕಾಫಿ ಗೀಫಿ ಬೇಡ. ಮಾವ ಮಲಗಿರಲಿ, ಆಗಾಗ ಕೆಮ್ಮಲಿ.

‘ನಂಗೆ ಕೆಮ್ಮಿಲ್ವಲ್ಲ’ ಅಂದರು ಮಾವ.

ಅತ್ತೆ ಸಿಡಿದರು. ‘ಬಡತನ ಐತೆ, ಇಲ್ಲ ಅಂದೋರ್ಯಾರು? ಅದ್ಕೆ ನಾಟ್ಕ ಬೇರೆ ಆಡ್ಬೇಕಾ? ಹೋಟ್ಲು ನಡೆಸ್ದೋರು ನಾವು. ಬಂದೋರನ್ನ ಬರೀ ಬಾಯಲ್ಲಿ ಕಳಿಸಿದ್ದಿಲ್ಲ.’

ಪರಿಶೀಲನೆಯ ದಿನ ಬೆಳಿಗ್ಗೆ ನಾನು ಅವರ ಬೀದಿಗೆ ಕಾಲಿಡುತ್ತೇನೆ, ಶಾಂತಮ್ಮನ ಮನೆಯಿಂದ ಸೋಫಾ ಹೊರಗೆ ಬರುತ್ತಿದೆ. ಹೌದು, ಸೋಫಾ! ಮಾರಾಯ್ರೇ, ನಾಲ್ಕು ಜನ ಹೊತ್ತುಕೊಂಡು ಅತ್ತೆ ಮನೆ ಬಾಗಿಲಲ್ಲಿ ಓರೆ ಮಾಡಿ ತೂರಿಸುತ್ತಿದ್ದಾರೆ. ‘ಹೋದ್ಸಲ ಬರೀ ಕುರ್ಚಿ ಕೊಟ್ಟಿದ್ದಕ್ಕೇ ಆಫೀಸರ್‌ಗೆ ಬೇಜಾರಾಯ್ತೇನೋ’ ಅಂತ ಶಾಂತಮ್ಮ ನೊಂದುಕೊಂಡು ಹೇಳಿದರು. ನಾನು ಬಾಗಿಲಲ್ಲಿ ಇಣುಕಿದೆ. ಒಳಗೆ ಕಟ್ಟಿಟ್ಟ ಮೂಟೆಗಳು ಸೋಫಾದ ಹಿಂದೆ ಬಚ್ಚಿಟ್ಟುಕೊಂಡಿದ್ದವು.

ಮೇಡಂ ಬಂದರು. ಚಿಕ್ಕ ವಯಸ್ಸು, ಸ್ಕೂಟಿ, ಹೆಗಲಿಗೆ ಬ್ಯಾಗು. ಸೋಫಾದಲ್ಲಿ ಕೂತರು. ಸೋಫಾ ನೋಡಿದರು, ಟೀವಿ ನೋಡಿದರು, ಅತ್ತೆಯ ಸರ ನೋಡಿದರು. ಮೊಬೈಲ್ ತೆಗೆದು ಫೋಟೋ ಹೊಡೆದರು. ಮುಗಿಯಿತು ಕಥೆ, ಮಾವನ ಬಸ್ಸಿಗೆ ಟೈಮ್ ನೋಡುವುದೊಂದೇ ಬಾಕಿ ಅಂದುಕೊಂಡೆ.

ಕಾಫಿ ಬಂತು. ಮೇಡಂ ಕುಡಿದರು. ಕುಡಿದು, ಖಾಲಿ ಲೋಟ ಹಿಡಿದುಕೊಂಡು ಎದ್ದು ಸೀದಾ ಅಡುಗೆಮನೆಗೆ ನಡೆದರು.

‘ಅಯ್ಯಯ್ಯೋ, ಬ್ಯಾಡಿ ತಾಯಿ! ಲೋಟ ನೀವು ತೊಳೀಬಾರ್ದು!’ ಅತ್ತೆ ಹಿಂದೆಯೇ ಓಡಿದರು.

ಗಮನಿಸಿ. ನೆಂಟರು ಬರುತ್ತಾರೆ ಅಂತ ನಡುಮನೆಗೆ ಎರವಲು ತರುತ್ತೇವೆ. ಅಡುಗೆಮನೆಗೆ ಯಾರಾದರೂ ತರುತ್ತಾರಾ? ಬಂದವರು ಅಲ್ಲಿಗೆ ಹೋಗುವುದೇ ಇಲ್ಲವಲ್ಲ! ಅಲ್ಲಿದ್ದದ್ದು ಒಂದೇ ಉರಿಯ ಸ್ಟೌವ್, ಎರಡು ತಟ್ಟೆ, ಎರಡು ಲೋಟ, ರಾಗಿ ಹಿಟ್ಟಿನ ಡಬ್ಬ. ಎಲ್ಲ ಫಳಫಳ. ಮೇಡಂ ಲೋಟ ತೊಳೆದು ಬೋರಲು ಹಾಕಿ ಬಂದರು. ಮತ್ತೆ ಸೋಫಾದಲ್ಲಿ ಕೂರಲಿಲ್ಲ. ನೆಲದ ಮೇಲೆ ಅತ್ತೆಯ ಪಕ್ಕದಲ್ಲಿ ಕೂತು ಕೇಳಿದರು:

‘ಅಮ್ಮ, ಈ ಸಾಮಾನೆಲ್ಲ ಯಾರದು?’

ಕೇಳಿದ ಮೇಲೆ ಅತ್ತೆ ಸುಳ್ಳು ಹೇಳುವವರಲ್ಲ. ‘ಸೋಫಾ, ಫ್ಯಾನು ಶಾಂತಮ್ಮಂದು. ಟೀವಿ ಪಕ್ಕದ ಮನೇದು. ಈ ಸರ ಶಾಂತಮ್ಮನ ಸೊಸೇದು.’ ಬಾಗಿಲಲ್ಲಿ ನಿಂತಿದ್ದ ಶಾಂತಮ್ಮ ಹೆಮ್ಮೆಯಿಂದ ತಲೆಯಾಡಿಸಿದರು.

‘ಹಾಗಾದ್ರೆ ನಿಮ್ಮದು?’

ಅತ್ತೆ ಸುತ್ತ ನೋಡಿದರು. ‘ಕಾಫಿ ನಮ್ದು’ ಅಂದರು.

‘ಪುಡಿ ನಮ್ದು’ ಮೂಲೆಯಿಂದ ಮಾವ ತಿದ್ದಿದರು. ‘ಹಾಲು ಶಾಂತಮ್ಮಂದು.’

ಮೇಡಂ ನಕ್ಕುಬಿಟ್ಟರು. ನಕ್ಕು ಕಣ್ಣು ಒರೆಸಿಕೊಂಡರು. ‘ನಮ್ಮಜ್ಜಿ ಮನೇಲೂ ಹಿಂಗೇ. ಯಾರಾದ್ರೂ ಬಂದ್ರೆ ನಾನೇ ಹೋಗಿ ಪಕ್ಕದ ಮನೆ ಕುರ್ಚಿ ಹೊತ್ಕೊಂಡು ಬರ್ತಿದ್ದೆ’ ಅಂದರು. ಆಮೇಲೆ ಅಡುಗೆಮನೆಯ ಫೋಟೋ ತೆಗೆದುಕೊಂಡರು. ಹೊರಡುವಾಗ ಅತ್ತೆ ಕುಂಕುಮ ಕೊಟ್ಟರು. ಡಬ್ಬಿಯೂ ಅತ್ತೆಯದೇ.

ಅತ್ತೆಯನ್ನು ಮೆಚ್ಚಲೋ, ಕೇಳುವ ಬುದ್ಧಿ ಇದ್ದ ಆ ಹುಡುಗಿಯನ್ನು ಮೆಚ್ಚಲೋ, ಸೋಫಾ ಹೊತ್ತ ಬೀದಿಯನ್ನು ಮೆಚ್ಚಲೋ? ಮೂವರಿಗೂ ನನ್ನದೊಂದು ದೊಡ್ಡ ನಮಸ್ಕಾರ. ಸಹಾಯ ಮಾಡಲು ಹೋದ ನಾವು ಹಿರಿಯರಿಗೆ ಮೊದಲು ಹೇಳಿಕೊಡುವುದು ಏನನ್ನು? ಬಗ್ಗಿ, ಕೆಮ್ಮಿ, ಪಾಪ ಅನ್ನಿಸಿಕೊಳ್ಳಿ ಅಂತ. ಪಿಂಚಣಿ ತೆಗೆದುಕೊಳ್ಳುವವರು ನೆಟ್ಟಗೆ ಕೂತು ಕಾಫಿ ಕೊಟ್ಟರೆ ನಮಗೇ ಅನುಮಾನ. ಬಡವರಿಗೆ ಮನೆಗೆ ಬಂದವರನ್ನು ಉಪಚರಿಸುವ ಆಸೆ ಇರಬಾರದಾ?

ಆಷಾಢಕ್ಕೆ ಮೊದಲೇ ಇಬ್ಬರ ಪಿಂಚಣಿಯೂ ಬಾಕಿ ಸಮೇತ ಮತ್ತೆ ಶುರುವಾಯಿತು. ನಿಂತಿದ್ದ ಬಾಡಿಗೆಯನ್ನು ಅತ್ತೆ ತಾವೇ ಹಳೇಬೀಡಿಗೆ ಹೋಗಿ ಓನರ ಕೈಗಿಟ್ಟು ಬಂದರು. ವಾಟ್ಸಾಪ್ ಗ್ರೂಪಿನ ನೀಟಾದ ವ್ಯವಸ್ಥೆ ರದ್ದಾಯಿತು. (ಅದಕ್ಕೂ ಎಲ್ಲರೂ ಹೆಬ್ಬೆರಳೆತ್ತಿದರು.)

ಹೋದ ಭಾನುವಾರ ಹೇಳದೆ ಕೇಳದೆ ಹೋದೆ. ಆಷಾಢದ ಗಾಳಿ ಬೀಸುತ್ತಿತ್ತು. ಮೂಟೆಗಳು ಬಿಚ್ಚಿದ್ದವು. ಸೋಫಾ ತನ್ನ ಮನೆಗೆ ಹೋಗಿತ್ತು, ನಡುಮನೆಯೆಲ್ಲ ಖಾಲಿ. ಮಾವ ಗೋಡೆಗೊರಗಿ ಕೂತಿದ್ದರು, ಮುಂದೆ ಖಾಲಿ ಲೋಟ. ಅತ್ತೆ ಏನೂ ಕೇಳದೆ ಅದನ್ನು ಎತ್ತಿಕೊಂಡು ಒಳಗೆ ಹೋದರು, ತುಂಬಿಸಿ ತಂದಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಚಾಪೆ ಬಿಡಿಸಿ, ಮನೆಯ ಯಜಮಾನಿಯ ಪೂರಾ ಗತ್ತಿನಲ್ಲಿ ಅಂದರು: ‘ಬಾ, ಕೂತ್ಕೋ.’

ಹೇಳಿ, ಈ ಮಾತನ್ನು ಅವರ ಬಾಯಿಗೆ ಯಾವ ನೆಂಟರು ತಾನೇ ತಂದುಕೊಡಬಲ್ಲರು?