ಮೊದಲನೆಯ ನಿಯಮ: ಅಪರಿಚಿತರನ್ನು ನಂಬಬಾರದು

ಕೂನೂರಿಗೆ ಬರುವ ಪ್ರವಾಸಿಗರನ್ನು ನೋಡಿ ನಗುವುದು ನನ್ನ ಹಳೆಯ ಚಟ. ಚಹಾ ತೋಟದಿಂದ ಕಾಟಿ, ಅಂದರೆ ಕಾಡುಕೋಣ, ರಸ್ತೆಗಿಳಿದರೆ ಊರಿನವರಾದ ನಾವು ಇದ್ದಲ್ಲೇ ಕಲ್ಲಾಗಿ, ತುಟಿ ಬಿಗಿದು ನಿಲ್ಲುತ್ತೇವೆ. ಅದು ತನ್ನ ಪಾಡಿಗೆ ಹೋಗುತ್ತದೆ. ಪ್ರವಾಸಿಗರೋ, ಮದುವೆಯಲ್ಲಿ ವರನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರಂತೆ ಫೋನು ಹಿಡಿದು ಅದರ ಬಳಿಗೇ ನಡೆಯುತ್ತಾರೆ. ಇಪ್ಪತ್ತಾರು ವರ್ಷ ತರಗತಿಯಲ್ಲಿ ಶಿಸ್ತನ್ನು ಬೋಧಿಸಿದ ನನಗೆ ಇಂಥವರ ಮೇಲೆ ಕನಿಕರವೂ ಹುಟ್ಟುತ್ತಿರಲಿಲ್ಲ.

ಆದಕಾರಣ ಅಕ್ಕನೊಡನೆ ಮೊರಾಕ್ಕೊಗೆ ಹೊರಟಾಗ ಹನ್ನೊಂದು ಸುರಕ್ಷತಾ ನಿಯಮಗಳನ್ನು ಬರೆದೆ. ಮೊದಲನೆಯದು, ಅಪರಿಚಿತರನ್ನು ನಂಬಬಾರದು. ನಾಲ್ಕನೆಯದು, ಬೀದಿಯಲ್ಲಿ ಏನನ್ನೂ ಕುಡಿಯಬಾರದು. ಅಕ್ಕನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ವರ್ಷವಾಗಿತ್ತಷ್ಟೆ. ಇನ್ನೊಮ್ಮೆ ಬಿದ್ದರೆ ನಡೆಯುವ ಆಸೆಯನ್ನೇ ಬಿಡಬೇಕೆಂದು ವೈದ್ಯರು ಎಚ್ಚರಿಸಿದ್ದರು. ವಿಮಾನದಲ್ಲಿ ಆಕೆಯಿಂದ ಹನ್ನೊಂದನ್ನೂ ಬಾಯಿಪಾಠ ಒಪ್ಪಿಸಿಕೊಳ್ಳಲು ಕುಳಿತೆ. ನಮ್ಮ ಸಣ್ಣ ತೋಟದಲ್ಲಿ ಎಲೆ ಕೊಯ್ಯುತ್ತಲೇ ಕೂದಲು ಹಣ್ಣಾಗಿಸಿಕೊಂಡ ಅಕ್ಕ ಏಳನೆಯದಕ್ಕೆ ನಿದ್ದೆ ಹೋದಳು.

ಫೆಸ್ ನಗರದ ಹಳೆಯ ಪೇಟೆಯ ಓಣಿಗಳಲ್ಲಿ ಇಬ್ಬರು ಜೊತೆಯಾಗಿ ನಡೆಯುವುದೇ ಕಷ್ಟ. ಅಂಥದೊಂದರ ಇಳಿಜಾರಿನಲ್ಲಿ, ತೊಗಲಿನ ಹೊರೆ ಹೊತ್ತ ಹೇಸರಗತ್ತೆಯೊಂದು ನಮ್ಮೆದುರಿಗೆ ರಭಸದಿಂದ ಬಂತು. ಅದರ ಯಜಮಾನ ಹಿಂದಿನಿಂದ ಕೂಗುತ್ತಿದ್ದ. ದಾರಿ ಬಿಡಿ ಎಂಬ ಆ ಕೂಗು ಆ ಊರಿನ ಕೂಸಿಗೂ ತಿಳಿದೀತು. ನಾನಾದರೋ ಕೂನೂರಿನವನು. ಓಣಿಯ ನಡುವೆ ಕಲ್ಲಾದೆ. ಒಂದು ತೋಳು ಚಾಚಿ ಹಿಂದಿದ್ದ ಅಕ್ಕನನ್ನೂ ತಡೆದೆ. ಸಾಲದುದಕ್ಕೆ, ತುಟಿಯ ಮೇಲೆ ಬೆರಳಿಟ್ಟು ಆ ಯಜಮಾನನಿಗೆ ಮೌನವನ್ನು ಆದೇಶಿಸಿದೆ.

ಹೇಸರಗತ್ತೆ ನನ್ನ ಶಿಷ್ಯನಾಗಿರಲಿಲ್ಲ. ಪಕ್ಕದ ಹೊಸ್ತಿಲಲ್ಲಿ ಪುದೀನ ಮಾರುತ್ತಿದ್ದ ಹೆಂಗಸು ಎದ್ದು, ಅಕ್ಕನ ಸೊಂಟ ಬಳಸಿ ಒಳಗೆ ಎಳೆದುಕೊಂಡಳು. ಮರುಕ್ಷಣ ನನ್ನ ಕೊರಳಪಟ್ಟಿಯೂ ಆಕೆಯ ಮುಷ್ಟಿಯಲ್ಲಿತ್ತು. ಹೊರೆ ನನ್ನ ಕನ್ನಡಕವನ್ನಷ್ಟೇ ಒಯ್ದಿತು. ಆಮೇಲೆ ಆಕೆ ನನ್ನನ್ನು ಬೈದ ಬೈಗುಳ ಎಷ್ಟು ಸುಸಂಬದ್ಧವಾಗಿತ್ತೆಂದರೆ, ಒಂದು ಪದವೂ ತಿಳಿಯದ ನನಗೆ ಎಲ್ಲವೂ ಅರ್ಥವಾಯಿತು.

ಅಕ್ಕ ಅಲ್ಲಿಯೇ ಕುಳಿತು, ನಾಲ್ಕನೆಯ ನಿಯಮವನ್ನು ಮುರಿದು, ಆಕೆ ಕೊಟ್ಟ ಚಹಾ ಕುಡಿದಳು. "ಸೊಪ್ಪೇ ಜಾಸ್ತಿ, ಟೀ ಎಲೆ ಕಮ್ಮಿ" ಎಂದು ತೀರ್ಪಿತ್ತು, ಎರಡನೆಯ ಲೋಟಕ್ಕೂ ಕೈ ಚಾಚಿದಳು. ಅನಂತರ ನನ್ನತ್ತ ತಿರುಗಿದಳು.

"ಆ ಚೀಟಿ ಎಲ್ಲಿ ತಮ್ಮಾ? ನಂಬಬಾರ್ದು ಅಂತ ಬರ್ದಿದ್ಯಲ್ಲ, ಅಲ್ಲಿ ನಿನ್ನ ಹೆಸರು ಬರ್ಕೋ."

ಅಕ್ಕ ತನ್ನ ಕಾಲ ಮೇಲೆಯೇ ನಡೆದು ಊರಿಗೆ ಮರಳಿದಳು. ಕಳೆದ ವಾರ ಕೂನೂರಿನ ರಸ್ತೆಯಲ್ಲಿ ಕಾಟಿಯೊಂದು ನಿಂತಿತ್ತು. ಪ್ರವಾಸಿಗನೊಬ್ಬ ಫೋನು ಹಿಡಿದು ಅದರತ್ತ ಹೊರಟಿದ್ದ. ದೂರದಲ್ಲಿ ನಿಂತು ನಗಲು ಸಕಲ ಅನುಕೂಲವೂ ಇತ್ತು. ಅದನ್ನು ಬಿಟ್ಟು, ಸದ್ದಿಲ್ಲದೆ ಹೋಗಿ, ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದೆ. ಅವನು ಕಾಟಿಯನ್ನು ಮರೆತು, ನನ್ನನ್ನೇ ದಿಟ್ಟಿಸುತ್ತ, ತನ್ನ ಜೇಬನ್ನು ಭದ್ರವಾಗಿ ಒತ್ತಿ ಹಿಡಿದುಕೊಂಡ.

ಮೊದಲನೆಯ ನಿಯಮ ಅವನಿಗೂ ಕಂಠಪಾಠವಾಗಿತ್ತು.