ಮುತ್ಯಾ ಆರಿಸಿದ ಹೋಟೆಲು

ಸಂಜೆ ಹೊತ್ತಿನಲ್ಲಿ ಒಲೆ ತಣ್ಣಗಿದ್ದರೆ ನನ್ನಂಥವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ, ನೋಡಿ. ಮೊನ್ನೆ ಭಾನುವಾರ ಹಾಗೇ ಆಯಿತು. ರೊಟ್ಟಿಯ ಹಂಚು ಗೋಡೆಗೆ ಒರಗಿ ನಿಂತಿತ್ತು, ಹಿಟ್ಟು ನಾದುವ ಪರಾತ ಬೋರಲು ಬಿದ್ದಿತ್ತು. ನಾನು ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಸೀರೆಯುಟ್ಟು ಕಟ್ಟೆಯ ಮೇಲೆ ಕೂತು, ಏನೋ ಮರೆತವಳ ಹಾಗೆ ಮತ್ತೆ ಮತ್ತೆ ಒಳಗೆ ಹೋಗಿ ಒಲೆಯ ಮುಖ ನೋಡಿ ಬರುತ್ತಿದ್ದೆ. ಮರೆತದ್ದೇನೂ ಇರಲಿಲ್ಲ. ನಮ್ಮ ಮೊಮ್ಮಗಳು ಸುಜಾತಾ ಬೆಳಿಗ್ಗೆಯೇ ಹುಕುಂ ಹೊರಡಿಸಿದ್ದಳು: ಇವತ್ತು ಮನೆಯಲ್ಲಿ ಅಡಿಗೆ ಇಲ್ಲ, ಆಯಿ ಎಂದರೆ ನಾನು, ಮುತ್ಯಾ ಎಂದರೆ ನಮ್ಮ ಯಜಮಾನರು, ಇಬ್ಬರೂ ತನ್ನ ಜೊತೆ ಶಹಾಪುರಕ್ಕೆ ಬರಬೇಕು, ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಬೇಕು, ಆಮೇಲೆ ಅಲ್ಲೇ ಡೇರೆ ಹಾಕಿರುವ ಕಂಪನಿಯ ನಾಟಕ ನೋಡಬೇಕು.

ಆ ವಾರವೇ ಅವಳು ಸುರಪುರದ ಹತ್ತಿರದ ಶಾಲೆಯೊಂದರಲ್ಲಿ ಟೀಚರ್ ಆಗಿ ಸೇರಿದ್ದಳು. ನನ್ನ ಸಂತೋಷವನ್ನು ಹೇಗೆ ಹೇಳಲಿ? ಹಾಲು ಉಕ್ಕಿದರೆ ಅರಿವೆಯಿಂದ ಒರೆಸಬಹುದು, ನಾನೇ ಉಕ್ಕಿದರೆ ಒರೆಸುವ ಅರಿವೆ ಎಲ್ಲಿಂದ ತರುವುದು? ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೇಳಲು ಹೋದವಳು ಬೆಲ್ಲ ಬಿಟ್ಟು ಈ ಸುದ್ದಿಯನ್ನೇ ಹೇಳಿ ಬಂದೆ. ಮಗ, ಸೊಸೆ ಕಡೇಚೂರಿನ ಕಾರ್ಖಾನೆಯ ಕೆಲಸಕ್ಕೆಂದು ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ಹುಡುಗಿ ಬೆಳೆದದ್ದು ನನ್ನ ಸೆರಗಿನಲ್ಲಿ. ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ತಿದ್ದಿ, ನಾಟಿಯ ಕೆಸರಿನಲ್ಲಿ ಅರ್ಧ ಮರೆತ ನನಗೆ, ತಾನು ಕಲಿತದ್ದನ್ನೆಲ್ಲ ಸಂಜೆ ಬಂದು ಮತ್ತೆ ಕಲಿಸಿದವಳೂ ಅವಳೇ. ಟೀಚರಾದದ್ದು ಊರಿಗೆ ಈಗ ಗೊತ್ತಾಯಿತು, ನನಗೆ ಅವಳು ಮೂರನೆಯ ತರಗತಿಯಿಂದಲೂ ಟೀಚರೇ. ಹೊರಡುವಾಗ ಗೋಡೆಯ ಮೇಲಿನ ಬುದ್ಧನಿಗೂ, ಪಕ್ಕದ ನೀಲಿ ಕೋಟಿನವರ ಫೋಟೊಕ್ಕೂ ಕೈಮುಗಿದು, ಮೂವರೂ ಟಂಟಂ ಆಟೊ ಹತ್ತಿದೆವು.

ಹೋಟೆಲು ಆರಿಸುವುದು ಇಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಈಗಿನ ಮಕ್ಕಳ ಮೊಬೈಲಿನಲ್ಲಿ ಹೋಟೆಲುಗಳ ಫೋಟೊ ಬರುತ್ತದೆ, ತಾಟಿನಲ್ಲಿ ಏನೇನಿದೆ ಎಂದು ಕಾಣುತ್ತದೆ, ಉಂಡು ಹೋದವರು ಚುಕ್ಕಿ ಕೊಟ್ಟು ಹೋಗಿರುತ್ತಾರಂತೆ. ಸುಜಾತಾ ದಾರಿಯುದ್ದಕ್ಕೂ ಒಂದೊಂದಾಗಿ ತೋರಿಸಿದಳು, ಅವಳ ಮುತ್ಯಾ ಒಂದೊಂದಾಗಿ ತಳ್ಳಿಹಾಕಿದರು. ಬಸ್ ನಿಲ್ದಾಣದ ಹತ್ತಿರದ್ದು ಮಹಡಿಯ ಮೇಲಿದೆ, ಮೊಣಕಾಲು ಏರುವುದಿಲ್ಲ. ಇನ್ನೊಂದು ಬಿರಿಯಾನಿಯದು, ಎದೆ ಉರಿಯುತ್ತದೆ. ತಂಪು ಮಾಡುವ ಮಷಿನ್ ಇರುವುದು ಆಸ್ಪತ್ರೆಯ ಹಾಗೆ ಕಾಣುತ್ತದೆ. ಖಾನಾವಳಿಗೆ ಹೋಗೋಣವೆಂದರೆ, ರೊಟ್ಟಿ ತಿನ್ನಲು ಪೇಟೆಗೆ ಯಾಕೆ ಬರಬೇಕಿತ್ತು, ನಿಮ್ಮ ಆಯಿಗೆ ಬಡಿಯಲು ಬರುವುದಿಲ್ಲವೇ, ಎಂದರು.

"ಮುತ್ಯಾ, ನೀ ಹೊಟೇಲ ನೋಡಾಕ ಬಂದೀಯೋ, ಹೆಣ್ಣು ನೋಡಾಕ ಬಂದೀಯೋ? ಒಂದರ ಮೂಗು ಸೊಟ್ಟ, ಒಂದರ ಬಣ್ಣ ಕಪ್ಪು ಅನ್ನಾಕತ್ತಿ" ಎಂದಳು. ಟಂಟಂ ಓಡಿಸುವವನೂ ನಕ್ಕ. ಇವರು ಮಾತ್ರ ಕನ್ನಡಕ ಒರೆಸಿಕೊಂಡು ಹೊರಗೆ ನೋಡತೊಡಗಿದರು.

ನನಗೆ ನಗು ಬರಲಿಲ್ಲ. ನನ್ನ ಕೈಗಳನ್ನೇ ನೋಡಿಕೊಂಡೆ. ಜೋಳದೊಳಗಿನ ಹರಳು ಆರಿಸಿದ ಕೈ, ಹೊಲದ ಹತ್ತಿ ಬಿಡಿಸಿದ ಕೈ, ಸಸಿಮಡಿಯಲ್ಲಿ ಒಳ್ಳೆಯ ಭತ್ತದ ಸಸಿ ಯಾವುದು, ಜೊಳ್ಳಾಗುವುದು ಯಾವುದು ಎಂದು ಮುಟ್ಟಿಯೇ ಹೇಳುವ ಕೈ. ಇಷ್ಟೆಲ್ಲ ಆರಿಸಿದವರು ನಾವು, ಆದರೆ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಯಾರೂ ನಮಗೆ ಆರಿಸಲು ಬಿಟ್ಟಿರಲಿಲ್ಲ. ಇವರು ಯಾವ ಹೋಟೆಲೂ ಬೇಡವೆನ್ನುವುದರ ಮೂಲ ಅಲ್ಲಿದೆ. ಅದು ಮೊಣಕಾಲಿನದ್ದೂ ಅಲ್ಲ, ಎದೆಯುರಿಯದ್ದೂ ಅಲ್ಲ. ನಿಮಗೆ ಹೇಳುತ್ತೇನೆ.

ನಾನು ಮದುವೆಯಾಗಿ ಬಂದ ಹೊಸತು. ಇವರು ಪೇಟೆ ತೋರಿಸುತ್ತೇನೆಂದು ಶಹಾಪುರಕ್ಕೆ ಕರೆತಂದು, ಬಳೆ ಇಡಿಸಿ, ಚಹಾ ಕುಡಿಯುತ್ತೀಯಾ ಎಂದು ಕೇಳಿದರು. ಬಜಾರಿನ ಮೂಲೆಯಲ್ಲೊಂದು ಚಹಾದಂಗಡಿ. ಊರ ಹೊರಗಿನ ಕೇರಿಯವರಾದ ನಮಗೆಂದು ಅದರ ಹೊರಗೋಡೆಯ ಗೂಡಿನಲ್ಲಿ ಬೇರೆ ಗ್ಲಾಸು ಇರುತ್ತಿತ್ತು. ಅದನ್ನು ನಾವೇ ತೆಗೆದುಕೊಂಡು, ಮೇಲಿನಿಂದ ಹೊಯ್ದದ್ದನ್ನು ಬೀದಿಯಲ್ಲಿ ನಿಂತು ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿಡಬೇಕು. ನೀರು ಬೇಕಾದರೆ ಬೊಗಸೆ. ನನಗದು ಹೊಸದೇನಲ್ಲ, ತವರಿನಲ್ಲೂ ಹಾಗೇ ಕುಡಿದವಳು. ಬಗ್ಗಿ ಬೊಗಸೆ ಒಡ್ಡಿದೆ. ನೀರು ಹೊಸ ಬಳೆಗಳ ಮೇಲೆ ಹರಿದು ಮೊಣಕೈ ತೋಯಿಸಿತು. ತಲೆಯೆತ್ತಿದರೆ ಇವರು ನನ್ನನ್ನೇ ನೋಡುತ್ತಿದ್ದರು. ತಾವು ಎಷ್ಟೋ ಸಲ ಹಾಗೆ ಬಗ್ಗಿದ್ದವರೇ, ಹೆಂಡತಿ ಬಗ್ಗಿದ್ದನ್ನು ಕಂಡ ಮೇಲೆ ಮುಖವೇ ಬೇರೆಯಾಯಿತು. ಅಂದಿನಿಂದ ಪೇಟೆಗೆ ಹೊರಟರೆ ಬುತ್ತಿ ಕಟ್ಟಿಸಿಕೊಳ್ಳುತ್ತಾರೆ, ನೀರು ಹೊತ್ತುಕೊಳ್ಳುತ್ತಾರೆ. ಹೋಟೆಲಿನ ಹೊಸ್ತಿಲು ತುಳಿದವರಲ್ಲ.

ಇಂಥದ್ದೆಲ್ಲ ನಡೆಯುತ್ತಿತ್ತೆಂದು ಸುಜಾತಾ ಓದಿ ತಿಳಿದಿದ್ದಾಳೆ. ಎಲ್ಲ ಕಡೆ ನಿಂತುಹೋಗಿದೆ ಎಂದು ನಾನೂ ಹೇಳಲಾರೆ. ಆದರೆ ಆ ಬೊಗಸೆ ಅವಳ ಆಯಿಯದೆಂದು ಅವಳಿಗೆ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ, ಮಗುವಿನ ಬುತ್ತಿಯಲ್ಲಿ ಕಹಿಯನ್ನು ಯಾಕೆ ಕಟ್ಟುವುದು ಎಂದುಕೊಂಡಿದ್ದೆವು.

ಬಜಾರಿನಲ್ಲಿ ಇಳಿದ ಮೇಲೂ ಇವರು ಒಂದು ಬಾಗಿಲಲ್ಲಿ ಎಣ್ಣೆಯ ವಾಸನೆ ಎಂದರು, ಇನ್ನೊಂದರಲ್ಲಿ ಗದ್ದಲ ಎಂದರು. ಕಡೆಗೆ, ನೀವಿಬ್ಬರೂ ಉಂಡು ಬನ್ನಿ, ನಾನು ನಾಟಕದ ಡೇರೆಯ ಹತ್ತಿರ ಇರುತ್ತೇನೆ, ಎಂದುಬಿಟ್ಟರು. ಹುಡುಗಿಯ ಮುಖ ಇಳಿಯಿತು. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು.

"ನನ್ನ ಜೋಡಿ ಕುಂತು ಉಣ್ಣಾಕ ನಿನಗ ಮನಸಿಲ್ಲಂದ್ರ ಹಂಗ ಹೇಳು ಮುತ್ಯಾ. ಮನಿಗೆ ಹೋಗೂನು" ಎಂದಳು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಇವರು ತಲೆಯೆತ್ತಿದರು. ಹಲ್ಲು ಬಿದ್ದಾಗ ಇವರ ಅಂಗೈಯಲ್ಲಿಟ್ಟವಳು, ಪರೀಕ್ಷೆಯ ದಿನ ಇವರ ಕಾಲು ಮುಟ್ಟದೆ ಹೊರಡದವಳು ಕಣ್ಣೀರು ತುಂಬಿಕೊಂಡು ನಿಂತಿದ್ದಳು. ನಾನು ಹತ್ತಿರ ಹೋಗಿ ಮೆಲ್ಲಗೆ, "ನೀವು ಅವತ್ತ ನನ್ನ ಸಲುವಾಗಿ ಬಿಟ್ರಿ. ಇವತ್ತ ಆಕಿ ಸಲುವಾಗಿ ಬರ್ರಿ" ಎಂದೆ. ಇಷ್ಟು ವರ್ಷದಲ್ಲಿ ಆ ದಿನದ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಇವರು ಧೋತರದ ಚುಂಗು ಸರಿಮಾಡಿಕೊಂಡು, "ಹೋಗೂದಾದ್ರ ಅಲ್ಲೇ ಹೋಗೂನು" ಎಂದು ಮುಂದೆ ನಡೆದರು. ಯಾವ ಹೋಟೆಲು, ಎಷ್ಟು ಚುಕ್ಕಿ ಎಂದು ಸುಜಾತಾ ಕೇಳುತ್ತಲೇ ಹಿಂದೆ ಓಡಿದಳು. ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು.

ಆ ಮೂಲೆ ಅಲ್ಲೇ ಇತ್ತು, ಹಳೆಯ ಚಹಾದಂಗಡಿ ಇರಲಿಲ್ಲ. ಯಾರೋ ಹೊಸಬರು ಕಟ್ಟಿಸಿದ ದೊಡ್ಡ ಹೋಟೆಲು, ಹೊರಗೋಡೆಯಿದ್ದ ಕಡೆಯಲ್ಲೆಲ್ಲ ಗಾಜು, ಒಳಗಿನ ದೀಪ ಬೀದಿಗೆ ಚೆಲ್ಲುತ್ತಿತ್ತು. ಮೂಲೆಯ ಟೇಬಲ್ಲು ಖಾಲಿಯಿತ್ತು. ಇವರು ಅದನ್ನು ದಾಟಿ ನಟ್ಟನಡುವಿನ ಟೇಬಲ್ಲಿಗೆ ಹೋಗಿ ಕುರ್ಚಿ ಎಳೆದರು.

ಬಡಿಸುವವರು ನೀರಿನ ಜಗ್ಗು ಹಿಡಿದು ಬಂದರು. ಆಗ ನಾನು ಮಾಡಿದ್ದನ್ನು ಕೇಳಿ ನೀವು ನಗಬೇಡಿ. ಜಗ್ಗು ಬಾಗಿದ್ದನ್ನು ಕಂಡದ್ದೇ ತಡ, ನನ್ನ ಎರಡು ಕೈಯೂ ತಾವಾಗಿ ಕೂಡಿ ಬೊಗಸೆಯಾಗಿ ಬಾಯಿಯ ಹತ್ತಿರ ಬಂದವು. ಮನಸ್ಸು ಹೊಸ ಹೋಟೆಲಿನೊಳಗೆ ಬಂದಿತ್ತು, ಕೈ ಇನ್ನೂ ಬೀದಿಯಲ್ಲೇ ನಿಂತಿತ್ತು. ಬಡಿಸುವವರು ತಬ್ಬಿಬ್ಬಾಗಿ ನಿಂತರು. "ಆಯಿ, ಗ್ಲಾಸ್ ಇಲ್ಲೇ ಅದ ನೋಡು" ಎಂದು ಸುಜಾತಾ ನಕ್ಕಳು.

ಇವರು ನಗಲಿಲ್ಲ, ಬೈಯಲಿಲ್ಲ. ಮೇಜಿನ ಮೇಲಿನ ಗ್ಲಾಸನ್ನು ನನ್ನ ಮುಂದೆ ಸರಿಸಿ, ಬಡಿಸುವವರಿಗೆ ಹೇಳಿದರು: "ಇದರಾಗ ಹಾಕ್ರಿ. ನಮ್ಮ ಮನಿಯಾಕಿ ಗ್ಲಾಸಿನ್ಯಾಗ ಕುಡೀತಾಳ."

ಸುಜಾತಾಳ ನಗು ಅರ್ಧಕ್ಕೆ ನಿಂತಿತು. ನನ್ನ ಕೈ ನೋಡಿದಳು, ಮುತ್ಯಾನ ಮುಖ ನೋಡಿದಳು, ಗಾಜಿನಾಚೆಯ ಬೀದಿ ನೋಡಿದಳು. ಜಾಣೆ, ತಿಳಿದುಕೊಂಡಳು. ನನ್ನ ಒದ್ದೆಯಿಲ್ಲದ ಕೈಯನ್ನು ತನ್ನ ಓಢಣಿಯಿಂದ ಒರೆಸಿ, ಹಿಡಿದುಕೊಂಡೇ ಕೂತಳು. ನಾನು ನೀರು ಕುಡಿದೆ. ಕೃಷ್ಣೆಯ ದಂಡೆಯಲ್ಲಿ ನಿಂತು ಕುಡಿದಾಗಲೂ ಅಷ್ಟು ತಂಪೆನಿಸಿರಲಿಲ್ಲ. ಯಾರಿಗೆ ಶರಣೆನ್ನಲಿ? ಮನೆಯ ಗೋಡೆಯ ಮೇಲಿನ ಫೋಟೊಕ್ಕೋ, ನನ್ನ ಸಲುವಾಗಿ ಅಷ್ಟು ವರ್ಷ ಬುತ್ತಿ ಹೊತ್ತು ತಿರುಗಿದ ಈ ಮನುಷ್ಯನಿಗೋ, ಏನೂ ತಿಳಿಯದೆ ನಮ್ಮನ್ನು ಇಲ್ಲಿಯವರೆಗೆ ಎಳೆದುತಂದ ಹುಡುಗಿಗೋ? ಎಲ್ಲರಿಗೂ ಒಟ್ಟಿಗೇ ಅಂದೆ, ಮನಸ್ಸಿನಲ್ಲೇ.

ರೊಟ್ಟಿ, ಎಣ್ಣೆಗಾಯಿ, ಬೇಳೆ ಬಂತು. ಇವರು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, ಕೈಯೆತ್ತಿ ಕರೆದರು.

"ನೋಡ್ರಿ, ಬ್ಯಾಳ್ಯಾಗ ಉಪ್ಪು ಕಡಿಮಿ ಅದ."

ನಾನು ಬೆರಳದ್ದಿ ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು. ಮನೆಯಲ್ಲಿ ಉಪ್ಪು ಹಾಕುವುದನ್ನೇ ಮರೆತ ದಿನವೂ ತುಟಿ ಬಿಚ್ಚದೆ ಉಂಡೆದ್ದ ಮನುಷ್ಯ ಇವರು. ಸುಜಾತಾ ಕೂಡ ಬೇಳೆಯನ್ನು ನಾಲಿಗೆಗೆ ಹಚ್ಚಿ ನೋಡಿ, ನನ್ನ ಕಡೆ ನೋಡಿ, "ಹೌದು ಮುತ್ಯಾ, ಕಡಿಮಿ ಅದ" ಎಂದಳು.

ಬಡಿಸುವವರು ತಪ್ಪಾಯಿತೆಂದು ಬಟ್ಟಲು ಒಳಗೊಯ್ದು, ಬೇರೆ ತಂದಿಟ್ಟು, ಪಕ್ಕದಲ್ಲೇ ಕಾದು ನಿಂತರು. ನಾಟಕಕ್ಕೆ ಹೊತ್ತಾಗುತ್ತಿತ್ತು, ಆದರೆ ಇವರಿಗೆ ಅವಸರವೇ ಇರಲಿಲ್ಲ. ರೊಟ್ಟಿ ಮುರಿದು, ಅದ್ದಿ, ತಿಂದು, ಆ ಹೋಟೆಲಿನವರೆಲ್ಲ ತಮ್ಮ ಮಾತಿಗೇ ಕಾದಿದ್ದಾರೆ ಎನ್ನುವ ಹಾಗೆ ನಿಧಾನವಾಗಿ ಬಾಯಿ ಒರೆಸಿಕೊಂಡು, ಆಮೇಲೆ ತಲೆಯಾಡಿಸಿದರು.

"ಹಾಂ. ಈಗ ಬರೋಬರಿ ಅದ."