ಬಿಡಬೇಕಾಗಿದ್ದ ಎರಡು ತಂತಿ

ಓಬಳೇಶ, ಕೈ ಸಣ್ಣದಾದ್ದರಿಂದ ನಿನಗೆ ಗಿಟಾರು ಒಲಿಯಲಿಲ್ಲ ಎನ್ನುವುದು ಸುಳ್ಳು. ನಿನಗೆ ಹೇಳಲೆಂದು ಬಾಷಾ ಮೇಷ್ಟ್ರು ನನ್ನ ಹತ್ತಿರ ಹೇಳಿ ಕಳಿಸಿದ್ದ ಒಂದು ಮಾತನ್ನು ನಾನು ನುಂಗಿಕೊಂಡೆ. ಮರೆತದ್ದಲ್ಲ — ಬೇಕೆಂದೇ ನುಂಗಿದೆ.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿ ಮೇಷ್ಟ್ರ ರಿಪೇರಿ ಅಂಗಡಿ; ನಮ್ಮ ಪಾಠ ಅಲ್ಲೇ. ನೀನು ಮಗ್ಗ ಬಿಟ್ಟು ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಗಿಟಾರಿಗೆ ನಿಮ್ಮವ್ವನ ಹಳೆ ಸೀರೆ ಸುತ್ತಿಕೊಂಡು. ನಾನು ಅಪ್ಪನ ಅಂಗಡಿಯ ಗಲ್ಲಾ ಬಿಟ್ಟು ಓಡಿ ಬರುತ್ತಿದ್ದೆ. ಮೇಷ್ಟ್ರು ಹರೆಯದಲ್ಲಿ ಬೊಂಬಾಯಿಯ ಹೋಟೆಲುಗಳಲ್ಲಿ ಬಾರಿಸಿದವರು. ರಸಮಂಜರಿಗೆ ಸಾಕಾಗುವ, ಮೂರು ಸ್ವರ ಒಟ್ಟಿಗೆ ನುಡಿಸುವ ಸಾದಾ ಕಾರ್ಡುಗಳು ಕೈಗೆ ಕೂತ ಮೇಲೆ ನಮ್ಮನ್ನು ಜಾಝ್, ಬ್ಲೂಸ್, ಫಂಕ್‌ನ ದೊಡ್ಡ ಕಾರ್ಡುಗಳಿಗೆ ಹಚ್ಚಿದರು. ಮೂರು ಸ್ವರಗಳ ಮೇಲೆ ಏಳನೆಯದು, ಅದರ ಮೇಲೆ ಒಂಬತ್ತನೆಯದು, ಹದಿಮೂರನೆಯದು. "ಸಾದಾ ಕಾರ್ಡು ಬರೀ ರೊಟ್ಟಿ ಕಣ್ರೋ, ಇದು ಪಲ್ಯ ಸಮೇತ" ಎನ್ನುತ್ತಿದ್ದರು.

ಫಂಕ್‌ನಲ್ಲಿ ಬಲಗೈ ನಿಲ್ಲುವಂತಿಲ್ಲ. ಎಡಗೈ ತಟಕ್ಕನೆ ಸಡಿಲಿಸಿ ಸದ್ದನ್ನು ಕತ್ತರಿಸಬೇಕು. ನಿನಗೆ ಅದು ಹೇಳಿಕೊಟ್ಟ ದಿನವೇ ಬಂತು. ನನಗೆ ಇವತ್ತಿಗೂ — ಇರಲಿ. "ಮಗ್ಗದ ಕೈ ನೋಡ್ರಪ್ಪಾ" ಎಂದು ಮೇಷ್ಟ್ರು ನಿನ್ನನ್ನು ಹೊಗಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಲ್ಲ.

ನೀನು ಸಿಕ್ಕಿಬಿದ್ದದ್ದು ಹದಿಮೂರರ ಕಾರ್ಡಿನಲ್ಲಿ. ತೋರುಬೆರಳು ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು, ಉಳಿದ ಬೆರಳುಗಳು ಮುಂದಕ್ಕೆ ಚಾಚಬೇಕು. ನಿನ್ನ ಕಿರುಬೆರಳು ಮುಟ್ಟುತ್ತಿರಲಿಲ್ಲ; ಮುಟ್ಟಿದರೆ ತೋರುಬೆರಳು ಏಳುತ್ತಿತ್ತು. ಒಂದೆರಡು ತಂತಿ ಬಿಟ್ಟರಾಯಿತು ಎಂಬ ಯೋಚನೆ ನಿನಗೆ ತಾನಾಗಿ ಬರುವಂತಿರಲಿಲ್ಲ. "ಮಗ್ಗದಾಗೆ ಒಂದೆಳೆ ಬಿಟ್ರೆ ಸೀರೇನೇ ವಾಪಸ್ ಬರ್ತೈತೆ ಕಣೋ. ಆರು ತಂತಿ ಐತೆ ಅಂದ್ರೆ ಆರೂ ನುಡೀಬೇಕು" — ಹೀಗಂದವನು ನೀನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ...

ಗೋವಾದ ಹೋಟೆಲಿನ ಬ್ಯಾಂಡೊಂದರ ಯಜಮಾನ, ಮೇಷ್ಟ್ರ ಹಳೆಯ ಗೆಳೆಯ, ನಾವಿಬ್ಬರೂ ಬಾರಿಸುವುದನ್ನು ಕೇಳಲು ಬರುವವನಿದ್ದ. ಬೇಕಾಗಿದ್ದದ್ದು ಒಬ್ಬನೇ. ಅದರ ಹಿಂದಿನ ಪಾಠಕ್ಕೆ ನೀನು ಬರಲಿಲ್ಲ, ಮದುವೆಯ ಸೀರೆಯೊಂದು ಮಗ್ಗದ ಮೇಲಿತ್ತು. ಮೇಷ್ಟ್ರು ನನಗೆ ಹೇಳಿದರು: "ಅರೇ, ಅವ್ನು ಪೂರಾ ಯಾಕೆ ಒತ್ತಾನೆ? ದಪ್ಪ ತಂತಿ ಎರಡೂ ಬಿಡು ಅನ್ನು. ಮೂಲಸ್ವರ ಬೇಸ್ ಗಿಟಾರ್‌ನೋನು ಬಾರಿಸ್ತಾನೆ. ನಾಲ್ಕು ತಂತಿ, ನಾಲ್ಕು ಬೆರಳು, ಖತಮ್. ಮರೀಬೇಡ, ಓಬಳೇಶಂಗೆ ಹೇಳು."

ಮಾರನೆಯ ದಿನ ನೀನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದೆ. "ಲೇ ಈರ, ಮೇಷ್ಟ್ರು ಏನಂದ್ರೋ?" ಎಂದೆ.

"ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡ್ಬೇಕಂತೆ" ಎಂದೆ ನಾನು.

ನೀನು ಮಾಡಿದೆ. ಮಣಿಕಟ್ಟು ಊದಿತು, ಗೋವಾದವನು ಬಂದ ದಿನ ಬಟ್ಟೆ ಕಟ್ಟಿಕೊಂಡೇ ಬಂದೆ. ನಾನು ಮೊದಲು ಬಾರಿಸಿದೆ — ಆರೂ ತಂತಿ ಒತ್ತಿಯೇ, ನಿನಗೆ ಅನುಮಾನ ಬಾರದಿರಲೆಂದು. ಆಮೇಲೆ ನೀನು. ಬಲಗೈ ಎಂದಿನಂತೆ ಹರಿಯಿತು. ಆ ಕಾರ್ಡು ಬಂದಾಗ ತಂತಿಗಳು ಗೊರಗುಟ್ಟಿದವು. ಮತ್ತೆ ಹಿಡಿದೆ, ಮತ್ತೆ ಗೊರಗುಟ್ಟಿದವು. ನಡುವೆಯೇ ನಿಲ್ಲಿಸಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದೆ. ಬಂದಾತ "ಕೈ ಸಣ್ಣದು, ಪಾಪ" ಎಂದ. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. "ಹೇಳಿದ್ಯೇನೋ ಅವನಿಗೆ?"

"ಹೇಳ್ದೆ ಮೇಷ್ಟ್ರೇ. ಅವ್ನು ಕೇಳ್ಲಿಲ್ಲ."

ಅವರು ನಿನ್ನನ್ನು ಮೊಂಡ ಎಂದುಕೊಂಡರು. ಮತ್ತೆ ಕರೆಯಲಿಲ್ಲ, ನೀನೂ ಹೋಗಲಿಲ್ಲ. ಹಾಗೆ ಅಂದುಕೊಂಡೇ ಅವರು ತೀರಿಕೊಂಡರು.

ಗೋವಾದಲ್ಲಿ ಮೊದಲ ದಿನವೇ ಬೇಸ್ ಬಾರಿಸುವವನು ನನ್ನ ಮೇಲೆ ರೇಗಿದ — ಆ ಕೆಳಗಿನ ಸ್ವರ ನನ್ನದು, ನೀನು ಬಿಡು ಎಂದು. ಅಂದಿನಿಂದ ಬಿಟ್ಟೇ ಬಾರಿಸುತ್ತಿದ್ದೇನೆ. ಊರಿಗೆ ಮರಳಿ ಚಳ್ಳಕೆರೆಯ ಮಕ್ಕಳಿಗೂ ಹಾಗೆಯೇ ಕಲಿಸುತ್ತಿದ್ದೇನೆ. ನಿನ್ನ ನೆನಪಾಗುತ್ತಿತ್ತೇ ಎಂದರೆ, ಆಗುತ್ತಿತ್ತು. ನೋವಾಗುತ್ತಿತ್ತೇ ಎಂದರೆ — ಇಲ್ಲ. ತಂತಿ ಒತ್ತಿ ಒತ್ತಿ ಬೆರಳತುದಿ ಜಡ್ಡುಗಟ್ಟಿದರೆ ಬಿಸಿ ಲೋಟ ಹಿಡಿದರೂ ಸುಡುವುದಿಲ್ಲವಲ್ಲ, ಹಾಗಿತ್ತು.

ಹೋದ ವಾರ ನೀನು ಫೋನ್ ಮಾಡಿದೆ. "ಮಗಳು ನನ್ನ ಗಿಟಾರ್ ಇಳಿಸ್ಕೊಂಡವ್ಳೆ. ಫೋನ್ ನೋಡ್ಕೊಂಡು ಏನೇನೋ ಕಾರ್ಡು ಹಿಡೀತಾಳೆ. ಬಂದು ಕೈ ನೋಡಪ್ಪ. ನನ್ನ ಕೈನೇ ಬಂದೈತೆ ಅಂದ್ರೆ ಈಗ್ಲೇ ಬಿಡಿಸಿಬಿಡ್ತೀನಿ. ಆಮೇಲೆ ಸಂಕಟ ಪಡೋದು ಬ್ಯಾಡ."

ನಾನು ಬಂದೆ. "ಕಾಫಿ ತಾಗಂಡಿ ಅನ್ನಾ" ಎಂದು ತೆಲುಗಿನಲ್ಲೇ ಉಪಚರಿಸುತ್ತ ನಿನ್ನ ಹೆಂಡತಿ ಲೋಟ ಕೊಟ್ಟಳು. ನಿನ್ನ ಮಗಳು ಮಂಜುಳ ಮಗ್ಗದ ಪಕ್ಕದಲ್ಲಿ ಕೂತು ಅದೇ ಕಾರ್ಡು ಹಿಡಿದಳು. ಅದೇ ಗೊರಗುಡುವಿಕೆ. ನೀನು ನನ್ನ ಕಡೆ ನೋಡಿ, ನಾನು ಹೇಳ್ಲಿಲ್ವಾ ಎನ್ನುವಂತೆ ತಲೆಯಾಡಿಸಿದೆ.

"ದಪ್ಪ ತಂತಿ ಎರಡೂ ಬಿಡವ್ವ" ಎಂದೆ ನಾನು. ಅವಳು ಬಿಟ್ಟಳು. ನಾಲ್ಕು ತಂತಿಗಳೂ ಸ್ವಚ್ಛವಾಗಿ ನುಡಿದವು. ಬಿಟ್ಟುಹೋದ ಮೂಲಸ್ವರವನ್ನು ನೀನು, ಯಾರೂ ಹೇಳದೆ, ಗಂಟಲಲ್ಲೇ ಗುನುಗಿದೆ.

ಆಮೇಲೆ ನೀನು ಕೇಳಿದೆ: "ಹಿಂಗ್ ಬಿಟ್ರೂ ನಡೀತೈತಾ? ಇದೇನ್ ಹೊಸದಾಗಿ ಬಂದಿದ್ದೇನೋ?"

"ಹೂಂ ಕಣೋ" ಎಂದೆ ನಾನು. "ಈಗೀಗ ಬಂದಿದ್ದು."

"ನಮ್ ಕಾಲ್ದಾಗೆ ಇರ್ಲಿಲ್ಲ ನೋಡು" ಎಂದು ನೀನು ನಕ್ಕೆ. ಎಷ್ಟು ಹಗುರವಾಗಿ ನಕ್ಕೆ ಮಾರಾಯ! ಮಗಳ ತಲೆ ಸವರಿದೆ. ನಾನು ಕಾಫಿ ಕುಡಿದು ಮುಗಿಸಿದೆ. ಬಸ್ಸು ಹತ್ತಿದೆ. ಅಳು ಬರಬಹುದೆಂದು ಕಿಟಕಿ ಪಕ್ಕ ಕೂತೆ, ಬರಲಿಲ್ಲ. ನಿಮ್ಮೂರ ಪಕ್ಕದ ಹಾನಗಲ್ ದಾಟಿತು, ಚಳ್ಳಕೆರೆ ಬಂತು, ಇಳಿದೆ.

ಹಳೆಯ ತಪ್ಪಿಗೆ ವಯಸ್ಸಿನ ನೆಪ ಹೇಳಬಹುದಿತ್ತು. ಹೋದ ವಾರದ್ದಕ್ಕೆ ಯಾವ ನೆಪ? ನಿನ್ನ ಮನೆಯ ಚಾಪೆಯ ಮೇಲೆ ಕೂತು, ನಿನ್ನ ಕಾಫಿ ಕುಡಿಯುತ್ತ, ಮತ್ತೆ...

ಭಾನುವಾರ ಅವಳ ಪಾಠಕ್ಕೆ ಬಾ ಎಂದಿದ್ದೀಯ. ಬರುತ್ತೇನೆ. ಗಿಟಾರು ಮುಟ್ಟುವ ಮೊದಲು, ಅವಳೆದುರೇ ಹೇಳುತ್ತೇನೆ. ಆಮೇಲೆ ಬಾಗಿಲು ತೋರಿಸಿದರೆ ಎದ್ದು ಹೋಗುತ್ತೇನೆ. ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತೇನೆ: ಓಬಳೇಶಾ, ದಪ್ಪ ತಂತಿ ಎರಡೂ ಬಿಡಬೇಕಂತೆ. ಅದು ಹೊಸದಲ್ಲ ಕಣೋ. ನಿನಗೇ ಹೇಳಿ ಕಳಿಸಿದ್ದು.